ಸೇಫ್ಟಿ ಕಮಿಟಿಗೆ ಹೊರಟ ಪುಟ್ಟಿಗೆ



ಯೂನಿಯನ್ ಕಡೆಯಿಂದ ನಿನ್ನನ್ನು ಸೇಫ್ಟಿ ಕಮಿಟಿಗೆ ಹಾಕಿದ್ದಾರೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಅರ್ಧ ಹೆಮ್ಮೆ, ಅರ್ಧ ದಿಗಿಲು ಅವಳಿಗೆ. "ಇವಳಿಗ್ಯಾಕೆ ಬೇಕಿತ್ತು ಊರಿನ ಉಸಾಬರಿ" ಅಂತ ಗೊಣಗಿಕೊಂಡೇ ಬೀದಿಯವರಿಗೆಲ್ಲ ಸುದ್ದಿ ಹೇಳಿ ಬಂದಿರುತ್ತಾಳೆ, ನಂಗೊತ್ತಿಲ್ವಾ ನಮ್ಮಕ್ಕ. ಆ ರಾತ್ರಿಯೇ ನೀನು ವಾಟ್ಸಾಪಿನಲ್ಲಿ ರಾಶಿ ಪಿಡಿಎಫ್ ಕಳಿಸಿ, "ಯಾವುದು ಓದ್ಲಿ ಚಿಕ್ಕಮ್ಮ, ತಲೆ ಕೆಟ್ಟೋಯ್ತು" ಅಂದೆ. ಎರಡು ಸಾಲಿನ ಮೆಸೇಜಿಗೆ ಬಗ್ಗುವ ಪ್ರಶ್ನೆ ಅಲ್ಲ ಅದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಊಟದ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪ ಓದಿಕೋ, ಒಂದೇ ಸಲಕ್ಕೆ ಬೇಡ.

ನೀನು ಕಳಿಸಿದ್ದನ್ನೆಲ್ಲ ತೆರೆದು ನೋಡಿದೆ. ಒಂದು ಬ್ರಿಟನ್ನಿನದು. ಯೂನಿಯನ್ನಿನ ಸುರಕ್ಷತಾ ಪ್ರತಿನಿಧಿ ಮೂರು ತಿಂಗಳಿಗೊಮ್ಮೆ ಕೆಲಸದ ಜಾಗವನ್ನು ತಾನೇ ತಪಾಸಣೆ ಮಾಡಬಹುದು, ಅದಕ್ಕೆ ಸಂಬಳ ಹಿಡಿಯದೆ ಸಮಯ ಕೊಡಬೇಕು ಅನ್ನುವ ಕಡೆ ಕೆಂಪು ಗೆರೆ ಎಳೆದಿದ್ದೀಯ. ಅದು ಆ ದೇಶದ 1977ರ ನಿಯಮ. ಓದಿದರೆ ಆಸೆಯಾಗುತ್ತದೆ, ನಿಜ. ಆದರೆ ಅದನ್ನು ಹಿಡಿದುಕೊಂಡು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನ ಎಚ್‌ಆರ್ ಮುಂದೆ ನಿಂತರೆ ಅವರು ನಕ್ಕು ಟೀ ತರಿಸುತ್ತಾರೆ. ಇನ್ನೊಂದು ಅಮೆರಿಕದ್ದು. ಮತ್ತೊಂದು ನಿಮ್ಮ ಬಟ್ಟೆ ಕೊಳ್ಳುವ ಬಯರ್‌ನ ಕೋಡ್ ಆಫ್ ಕಾಂಡಕ್ಟ್. ಆಮೇಲೆ 1948ರ ಕಾರ್ಖಾನೆಗಳ ಕಾಯ್ದೆಗೆ ಯಾರೋ ಬರೆದ ಸಾರಾಂಶ, ಕೊನೆಗೆ ಅದರ ಜಾಗಕ್ಕೆ ಬಂದ 2020ರ ಸುರಕ್ಷತಾ ಸಂಹಿತೆ. ಫೋನಿನ ಪರದೆಯ ಮೇಲೆ ಎಲ್ಲವೂ ಒಂದೇ ಥರ ಗಂಭೀರವಾಗಿ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಯಾವ ಕಾಗದ ಕೈಗೆ ಬಂದರೂ ಓದುವ ಮೊದಲು ವಿಚಾರಿಸು: ಇದು ನಮ್ಮ ದೇಶದ್ದೋ? ಇವತ್ತು ಜಾರಿಯಲ್ಲಿದೆಯೋ? ಮಾಡಲೇಬೇಕು ಅನ್ನುತ್ತದೋ, ಮಾಡಿದರೆ ಒಳ್ಳೆಯದು ಅನ್ನುತ್ತದೋ? ಕಮಿಟಿಯಲ್ಲಿ ಅರ್ಧ ಜಗಳ ನಡೆಯುವುದು ಈ ಕೊನೆಯ ಪ್ರಶ್ನೆಯ ಮೇಲೆ. ಮ್ಯಾನೇಜ್‌ಮೆಂಟಿನವರು ಕಡ್ಡಾಯವಾದದ್ದನ್ನು ಸಲಹೆಯ ಹಾಗೆ ಮಾತಾಡುತ್ತಾರೆ. ನಮ್ಮವರು ಸಲಹೆಯನ್ನು ಕಡ್ಡಾಯ ಅಂತ ಕೂಗಿ ಸೋಲುತ್ತಾರೆ.

ಇನ್ನೊಂದು ಮಾತು. ಕಾನೂನನ್ನು ಮೊದಲ ಪುಟದಿಂದ ಓದಲು ಕೂರಬೇಡ. ನಿನ್ನ ಲೈನಿನ ತೊಂದರೆಯಿಂದ ಹೊರಟು ಕಾನೂನಿನ ಕಡೆಗೆ ಹೋಗು. ನಾನು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಯೂನಿಯನ್ ಪ್ರತಿನಿಧಿಯಾಗಿದ್ದಷ್ಟು ವರ್ಷವೂ ಹೀಗೆಯೇ ಮಾಡಿದ್ದು. ಲಾ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ ನಾನು, ಓದಿದ್ದು ಎಸ್ಸೆಸ್ಸೆಲ್ಸಿ. ಹಾಗಿದ್ದೂ ಪ್ಲೇಟಿಂಗ್ ಸೆಕ್ಷನ್ನಿನ ಆಸಿಡ್ ಹೊಗೆಗೆ ಸಂಬಂಧಪಟ್ಟ ಪುಟ ಯಾವುದು ಅಂತ ಕೇಳಿದರೆ ನಿದ್ದೆಯಲ್ಲಿದ್ದರೂ ಹೇಳುತ್ತಿದ್ದೆ. ಯಾಕೆ ಅಂದರೆ ಆ ಹೊಗೆ ಕುಡಿಯುತ್ತಿದ್ದವಳು ನನ್ನ ಪಕ್ಕದ ಬಸ್ ಸೀಟಿನವಳು.

ನಿನ್ನ ಫ್ಲೋರಿನಲ್ಲಿ ಒಂದು ಕೆಲಸ ಮಾಡು. ಒಂದು ದೊಡ್ಡ ಹಾಳೆಯ ಮೇಲೆ ಹೆಂಗಸಿನ ಆಕಾರ ಬರೆ, ಮುಂದಿನದೊಂದು ಹಿಂದಿನದೊಂದು. ಊಟದ ಹೊತ್ತಲ್ಲಿ ಒಬ್ಬೊಬ್ಬರ ಕೈಗೂ ಸ್ಕೆಚ್ ಪೆನ್ ಕೊಟ್ಟು, ಎಲ್ಲಿ ನೋಯುತ್ತದೋ ಅಲ್ಲಿ ಚುಕ್ಕೆ ಇಡಿ ಅನ್ನು. ಟೈಲರುಗಳಿಗೆ ಒಂದು ಬಣ್ಣ, ಐರನಿಂಗಿನವರಿಗೆ ಒಂದು, ಕಟಿಂಗಿನವರಿಗೆ ಒಂದು, ಫಿನಿಶಿಂಗಿಗೆ ಒಂದು. ಬೇರೆ ಬೇರೆ ದೇಶದ ಯೂನಿಯನ್ನುಗಳು ಮಾಡಿಕೊಂಡು ಬಂದ ವಿಧಾನ ಇದು. ಡಾಕ್ಟರು ಬೇಕಿಲ್ಲ, ಅಕ್ಷರ ಕೂಡ ಬೇಕಿಲ್ಲ. ಹಾಸ್ಟೆಲಿನಲ್ಲಿರುವ ಒಡಿಶಾ, ಜಾರ್ಖಂಡಿನ ಹುಡುಗಿಯರೂ ಚುಕ್ಕೆ ಇಡಬಹುದು. ಅವರನ್ನು ಬಿಟ್ಟು ಏನೂ ಮಾಡಬೇಡ ಪುಟ್ಟಿ. ಕಷ್ಟದ ಕೆಲಸಕ್ಕೆಲ್ಲ ಅವರನ್ನೇ ಹಾಕುತ್ತಾರೆ, ಕನ್ನಡದ ಬೋರ್ಡು ಅವರಿಗೆ ಓದಲು ಬರುವುದಿಲ್ಲ. ಚುಕ್ಕೆಗಳು ಎಲ್ಲಿ ಗುಂಪು ಕಟ್ಟುತ್ತವೋ ನೋಡು. ಕತ್ತು, ಭುಜದಲ್ಲಿ ಟೈಲರುಗಳ ಚುಕ್ಕೆ, ಕಾಲಲ್ಲಿ ಐರನಿಂಗಿನವರದ್ದು ಬಂದರೆ ಆಶ್ಚರ್ಯವಿಲ್ಲ. ಆದರೆ ಫಿನಿಶಿಂಗಿನ ಆ ಇಬ್ಬರು ಹೆಲ್ಪರುಗಳಿಗೆ ದಿನಾ ತಲೆನೋವು, ಮಂಪರು, ಕಣ್ಣುರಿ ಅಂತ ಬರೆದಿದ್ದೆಯಲ್ಲ, ಅದನ್ನೇ ಹಿಡಿದುಕೊಂಡು ಕಾನೂನು ಹುಡುಕುವುದು ಹೇಗೆ ಅಂತ ಹೇಳುತ್ತೇನೆ.

ಅವರು ಮಾಡುವುದು ಸ್ಪಾಟ್ ಕ್ಲೀನಿಂಗ್. ಬಟ್ಟೆಗೆ ಎಣ್ಣೆ ಕಲೆ ಆಗಿದ್ದರೆ ಗನ್ನಿನಿಂದ ಯಾವುದೋ ಸಾಲ್ವೆಂಟ್ ಹೊಡೆದು ತೆಗೆಯುತ್ತಾರೆ. ಮೊದಲು ಆ ಡಬ್ಬದ ಲೇಬಲ್ಲಿನ ಫೋಟೋ ತೆಗೆದುಕೋ. ದೊಡ್ಡ ಕ್ಯಾನಿನಿಂದ ನೀರಿನ ಬಾಟಲಿಗೆ ಸುರಿದುಕೊಂಡು ಬಳಸುತ್ತಿದ್ದರೆ ಅದೇ ನಿನ್ನ ಮೊದಲ ದೂರು: ಅಪಾಯಕಾರಿ ರಾಸಾಯನಿಕ ತುಂಬಿದ ಪಾತ್ರೆಯ ಮೇಲೆ ಒಳಗೇನಿದೆ, ತಯಾರಿಸಿದವರು ಯಾರು, ಅಪಾಯವೇನು ಎಂದು ಬರೆದಿರಬೇಕು ಅಂತ 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳೇ ಹೇಳುತ್ತವೆ. ಅದೇ ನಿಯಮಗಳ ಕೆಳಗೆ ಸೇಫ್ಟಿ ಡೇಟಾ ಶೀಟ್ ಅನ್ನುವ ಕಾಗದವೂ ಇರಬೇಕು. ಬಾಯಿಮಾತಲ್ಲಿ ಬೇಡ, ಬರೆದು ಕೇಳು. ಈಗಿನ ಮಾದರಿಯಲ್ಲಿ ಅದಕ್ಕೆ ಹದಿನಾರು ಭಾಗ. ಮೊದಲು ಎರಡನೆಯದನ್ನು ನೋಡು, ಅಪಾಯ ಏನು ಅಂತ ಇರುತ್ತದೆ. ಎಂಟನೆಯದರಲ್ಲಿ ಗಾಳಿಯಲ್ಲಿ ಎಷ್ಟಿರಬಹುದು, ಯಾವ ಕೈಗವಸು, ಯಾವ ಮಾಸ್ಕು ಅಂತ ಇರುತ್ತದೆ. ಹನ್ನೊಂದರಲ್ಲಿ ಮೈಗೆ ಏನಾಗುತ್ತದೆ ಅನ್ನುವುದು. ಉಳಿದದ್ದು ಆಮೇಲೆ. ಆ ಹಾಳೆಯಲ್ಲಿ ಟ್ರೈಕ್ಲೋರೋಎಥಿಲೀನ್ ಅಂತ ಕಂಡರೆ ಅವತ್ತೇ ನನಗೆ ಫೋನ್ ಮಾಡು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸೇರಿಸಿದೆ. ಬಟ್ಟೆ ಮಾಸ್ಕಿನಿಂದ ತಡೆಯುವಂಥದ್ದಲ್ಲ ಅದು.

"ಅದು ಸಪ್ಲೈಯರ್ ಸೀಕ್ರೆಟ್, ಕೊಡಕ್ಕಾಗಲ್ಲ" ಅನ್ನಬಹುದು. ಆಗ ನಿನಗೆ ಕಾನೂನು ಬೇಕು. ಹಳೆಯ ಕಾರ್ಖಾನೆಗಳ ಕಾಯ್ದೆಯಲ್ಲಿ 111ಎ ಅಂತ ಒಂದು ಸೆಕ್ಷನ್ ಇತ್ತು: ಕೆಲಸದಲ್ಲಿನ ತನ್ನ ಆರೋಗ್ಯ, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವುದು ಕಾರ್ಮಿಕನ ಹಕ್ಕು, ತರಬೇತಿ ಪಡೆಯುವುದು ಹಕ್ಕು, ವ್ಯವಸ್ಥೆ ಸರಿಯಿಲ್ಲ ಅಂತ ತಾನೋ ತನ್ನ ಪ್ರತಿನಿಧಿಯ ಮೂಲಕವೋ ಇನ್‌ಸ್ಪೆಕ್ಟರಿಗೆ ಹೇಳಿಕೊಳ್ಳುವುದೂ ಹಕ್ಕು. ಈಗಿನ ಸಂಹಿತೆಯಲ್ಲಿ ಇದರ ಜಾಗದಲ್ಲಿರುವುದು 14ನೇ ಸೆಕ್ಷನ್. ಅದರಲ್ಲೂ ಮಾಹಿತಿ ಪಡೆಯುವ ಹಕ್ಕಿದೆ. ಕೊರತೆಯನ್ನು ನೇರವಾಗಿಯೋ ಸೇಫ್ಟಿ ಕಮಿಟಿ ಸದಸ್ಯರ ಮೂಲಕವೋ ಮಾಲೀಕರಿಗೆ ಹೇಳಬಹುದು, ಸಮಾಧಾನ ಆಗದಿದ್ದರೆ ಇನ್‌ಸ್ಪೆಕ್ಟರಿಗೆ. ಕಮಿಟಿ ಸದಸ್ಯೆ ಅಂದರೆ ಈಗ ನೀನು. ಆ ಸೆಕ್ಷನ್ನಿನ ಒಂದು ಪ್ರತಿ ಪರ್ಸಿನಲ್ಲಿಟ್ಟುಕೋ.

ಹಳೆಯದು, ಹೊಸದು ಅಂತ ಎರಡೆರಡು ಹೇಳುತ್ತಿದ್ದೇನೆ, ಯಾಕೆ ಅಂತ ಕೇಳುತ್ತೀಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸುರಕ್ಷತೆಗೆ ಸಂಬಂಧಿಸಿದ್ದು ಅವುಗಳಲ್ಲಿ ಒಂದು: ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020. ಕಾರ್ಖಾನೆಗಳ ಕಾಯ್ದೆ, ಗಣಿ ಕಾಯ್ದೆ, ಗುತ್ತಿಗೆ ಕಾರ್ಮಿಕರ ಕಾಯ್ದೆ ಎಲ್ಲ ಅದರೊಳಗೆ ಸೇರಿಹೋದವು. ಆದರೆ ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಹಳೆಯ ನಿಯಮಗಳು ಮುಂದುವರಿಯುತ್ತವೆ ಅಂತ ಸಂಹಿತೆಯ ಕೊನೆಯ 143ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳ ಪುಸ್ತಕವನ್ನು ಯಾರಾದರೂ ರದ್ದಿಗೆ ಹಾಕುತ್ತಿದ್ದರೆ ನೀನು ಇಸಿದುಕೋ. ಹೊಸ ನಿಯಮ ಅಂತ ಯಾರಾದರೂ ತೋರಿಸಿದರೆ ಅದು ಕರಡೋ ಅಂತಿಮವೋ ಅಂತ ಮೊದಲ ಪುಟದಲ್ಲಿ ನೋಡು. ಆಕ್ಷೇಪಣೆ ಕರೆದಿದ್ದರೆ ಕರಡು. ಕರಡಿನಲ್ಲಿ ಹಕ್ಕಿಲ್ಲ, ಆದರೆ ಆಕ್ಷೇಪಣೆ ಬರೆಯುವ ಅವಕಾಶ ಇದೆ. ಅದನ್ನೂ ನಿಮ್ಮ ಯೂನಿಯನ್ ಬಿಡಬಾರದು.

ಬದಲಾವಣೆಯಲ್ಲಿ ಕೆಲವು ಬಂದವು, ಕೆಲವು ಹೋದವು. ಮೊದಲು 250ಕ್ಕಿಂತ ಹೆಚ್ಚು ಜನರಿದ್ದ ಕಡೆ ಇದ್ದ ಕ್ಯಾಂಟೀನ್ ಈಗ 100 ಜನರಿಗೇ ಅನ್ವಯಿಸುತ್ತದೆ. ಸೇಫ್ಟಿ ಆಫೀಸರ್ 1,000 ಕಾರ್ಮಿಕರಿಗೆ ಇದ್ದದ್ದು 500ಕ್ಕೆ ಇಳಿದಿದೆ. ವರ್ಷಕ್ಕೊಮ್ಮೆ ಮಾಲೀಕರ ಖರ್ಚಿನಲ್ಲಿ ಆರೋಗ್ಯ ತಪಾಸಣೆ ಅನ್ನುವುದೂ ಸೇರಿದೆ. ಇವೆಲ್ಲ ಒಳ್ಳೆಯದೇ. ಆದರೆ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಅನ್ನಿಸಿಕೊಳ್ಳುತ್ತಿದ್ದದ್ದು ಈಗ 20 ಆಗಿದೆ. ಹದಿನೈದು ಮಿಷನ್ ಇಟ್ಟುಕೊಂಡು ಶೆಡ್ಡಿನಲ್ಲಿ ಜಾಬ್‌ವರ್ಕ್ ಮಾಡಿಸುವವರ ಹತ್ತಿರ ದುಡಿಯುವ ಹೆಂಗಸರು ಎಲ್ಲಿಗೆ ಹೋಗಬೇಕು? ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಅನ್ನುವ ಪಟ್ಟಿಯೂ ಅಷ್ಟೇ. ಹಳೆಯ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಅಚ್ಚಾಗಿತ್ತು, ನಮ್ಮ ಕಾಲದಲ್ಲಿ ಪುಟ ತೆರೆದು ತೋರಿಸುತ್ತಿದ್ದೆವು. ಸಂಹಿತೆ ಅದನ್ನು ರಾಜ್ಯದ ನಿಯಮಗಳಿಗೆ ಬಿಟ್ಟಿದೆ. ಕಾಯ್ದೆಯಲ್ಲಿದ್ದದ್ದು ನಿಯಮಕ್ಕೆ ಇಳಿದರೆ ಬದಲಾಯಿಸುವುದು ಸರ್ಕಾರಕ್ಕೆ ಸುಲಭ. ನನಗೆ ಇದು ಸರಿಬರಲಿಲ್ಲ.

ನಿನ್ನ ಕಮಿಟಿ ಯಾವ ಕಾಗದದ ಮೇಲೆ ನಿಂತಿದೆ ಅಂತಲೂ ಕೇಳಿ ತಿಳಿದುಕೋ. ಹಳೆಯ ಕಾಯ್ದೆಯ 41ಜಿ ಅಪಾಯಕಾರಿ ಪ್ರಕ್ರಿಯೆ, ಅಪಾಯಕಾರಿ ವಸ್ತುಗಳಿದ್ದ ಕಾರ್ಖಾನೆಗೆ ಕಮಿಟಿ ಮಾಡಿ ಎನ್ನುತ್ತಿತ್ತು, ಎರಡೂ ಕಡೆಯವರು ಸಮಾನ ಸಂಖ್ಯೆಯಲ್ಲಿ. ಸಂಹಿತೆಯ 22ನೇ ಸೆಕ್ಷನ್ ಪ್ರಕಾರ ಸರ್ಕಾರ ಆದೇಶ ಮಾಡಿದ ಕಡೆ ಕಮಿಟಿ ಇರಬೇಕು, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಕೂಡದು. ನಿಮ್ಮದು ಕಾನೂನಿನ ಕಮಿಟಿಯೋ, ಬಯರ್ ಆಡಿಟಿಗೆ ತೋರಿಸಲು ಮಾಡಿದ ಕಮಿಟಿಯೋ? ಎರಡಕ್ಕೂ ಒಂದೇ ಹೆಸರು, ಒಂದೇ ಗ್ರೂಪ್ ಫೋಟೋ. ಮೊದಲನೆಯದಾದರೆ ಸಭೆ ಸೇರದಿದ್ದರೂ ತಪ್ಪೇ. ಎರಡನೆಯದಾದರೆ ಬಯರ್‌ನ ಕೋಡ್ ನಿನ್ನ ಆಯುಧ. ಅದು ಸರ್ಕಾರದ ಕಾನೂನಲ್ಲ, ಸರಿ. ಆದರೆ ಆರ್ಡರ್ ಹೋದೀತು ಅನ್ನುವ ಭಯ ಇನ್‌ಸ್ಪೆಕ್ಟರ್ ಭಯಕ್ಕಿಂತ ದೊಡ್ಡದು, ಗಾರ್ಮೆಂಟ್ಸಿನಲ್ಲಂತೂ.

41ಎ ಇಂದ 41ಎಚ್‌ವರೆಗಿನ ಆ ಇಡೀ ಅಧ್ಯಾಯ ಮೊದಲಿನಿಂದ ಇದ್ದದ್ದಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಅನಿಲ ಸೋರಿತಲ್ಲ, ಆಮೇಲೆ 1987ರ ತಿದ್ದುಪಡಿಯಲ್ಲಿ ಸೇರಿಸಿದ್ದು. ಅದರಲ್ಲಿ ಕೊನೆಯ 41ಎಚ್ ನನಗೆ ಬಹಳ ಮುಖ್ಯವಾಗಿ ಕಂಡದ್ದು: ಅಪಾಯ ಹತ್ತಿರದಲ್ಲೇ ಇದೆ ಅನ್ನಿಸಿದರೆ ಕಾರ್ಮಿಕರು ನೇರವಾಗಿಯೋ ಕಮಿಟಿ ಮೂಲಕವೋ ತಿಳಿಸಬಹುದು, ತಿಳಿಸಿದ ಕೂಡಲೇ ಕ್ರಮ ತೆಗೆದುಕೊಳ್ಳಬೇಕು. ಸಂಹಿತೆಯ 14ರಲ್ಲಿ ಈ ಅಂಶವೂ ಬಂದಿದೆ. ಮಾಲೀಕರಿಗೆ ಹೇಳುತ್ತಲೇ ಇನ್‌ಸ್ಪೆಕ್ಟರಿಗೂ ಅದೇ ಹೊತ್ತಿಗೆ ತಿಳಿಸಬಹುದು ಅಂತ. ಇದು ಯಾಕೆ ದೊಡ್ಡದು ಅಂದರೆ ಢಾಕಾದ ಹತ್ತಿರದ ರಾಣಾ ಪ್ಲಾಜಾ ನೆನೆಸಿಕೋ. 2013ರ ಏಪ್ರಿಲ್ 23ರಂದು ಕಟ್ಟಡದಲ್ಲಿ ಬಿರುಕು ಕಂಡಿತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮಾರನೇ ಬೆಳಿಗ್ಗೆ ಗಾರ್ಮೆಂಟ್ಸಿನವರನ್ನು ಮಾತ್ರ ಒಳಗೆ ಕಳಿಸಿದರು. 1,100ಕ್ಕೂ ಹೆಚ್ಚು ಜನ ಸತ್ತರು. ನಿನ್ನ ಹಾಗೆಯೇ ಲೈನಿನಲ್ಲಿ ಕೂತು ಹೊಲಿಯುತ್ತಿದ್ದವರು. ಬಿರುಕು ಎಲ್ಲರಿಗೂ ಕಂಡಿತ್ತು, ಒಳಗೆ ಹೋಗುವುದಿಲ್ಲ ಅಂತ ಎಲ್ಲರ ಪರವಾಗಿ ನಿಂತು ಹೇಳುವ ಯೂನಿಯನ್ ಅಲ್ಲಿರಲಿಲ್ಲ. ಅಂಥ ದಿನ ಬಂದರೆ ಕಾಗದ ಬರೆಯುತ್ತ ಕೂರಬೇಡ. ಮೊದಲು ಜನರನ್ನು ಹೊರಗೆ ಕರಕೊಂಡು ಬಾ, ಸೆಕ್ಷನ್ ನಂಬರ್ ಆಮೇಲೆ ಬರೆದರಾಯಿತು.

ಇನ್ನು ಎಮರ್ಜೆನ್ಸಿ ಬಾಗಿಲಿಗೆ ಕಾರ್ಟನ್ ಒಟ್ಟಿರುವ ವಿಷಯ. ಶಿಪ್‌ಮೆಂಟ್ ಇದ್ದಾಗಲೆಲ್ಲ ಹಾಗೇ ಆಗುತ್ತದೆ ಅಂದೆ. ಹಳೆಯ ಕಾಯ್ದೆಯ 38ನೇ ಸೆಕ್ಷನ್ ತೆಗೆದರೆ, ಬೆಂಕಿ ಬಿದ್ದಾಗ ಎಲ್ಲರೂ ಸುರಕ್ಷಿತವಾಗಿ ಹೊರಬರುವ ದಾರಿ ಇರಬೇಕು, ಆ ದಾರಿ ಎಲ್ಲರಿಗೂ ಗೊತ್ತಿರಬೇಕು, ಅಭ್ಯಾಸ ಮಾಡಿಸಿರಬೇಕು ಅಂತ ಮಾತ್ರ ಇದೆ. ಬಾಗಿಲು ಎಷ್ಟು ಅಗಲ, ಯಾವ ಕಡೆಗೆ ತೆರೆಯಬೇಕು ಎನ್ನುವಂಥದ್ದು ಕಾಯ್ದೆಯಲ್ಲಿ ಸಿಗುವುದಿಲ್ಲ. ನಿಯಮಗಳಲ್ಲಿ ಹುಡುಕಬೇಕು, ಅದಕ್ಕೂ ಕೆಳಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ, ಭಾರತೀಯ ಮಾನಕಗಳಲ್ಲಿ. ಯಾವ ವಿಷಯಕ್ಕೂ ಹೀಗೇ. ಕಾಯ್ದೆ ಒಂದು ಸಾಲು ಹೇಳುತ್ತದೆ, ಅಳತೆ ಕೆಳಗಿನ ಕಾಗದದಲ್ಲಿರುತ್ತದೆ. ಮೇಲಿನದ್ದು ಮಾತ್ರ ಓದಿದವರಿಗೆ "ಸುರಕ್ಷಿತ ದಾರಿ ಇದೆಯಲ್ಲ ಮೇಡಂ, ಆ ಕಡೆ ನೋಡಿ" ಅಂತ ಉತ್ತರ ಸಿಗುತ್ತದೆ. ಅಳತೆ ಗೊತ್ತಿದ್ದವರ ಕೈಯಲ್ಲಿ ಟೇಪ್ ಇರುತ್ತದೆ. ನಿನ್ನ ಹತ್ತಿರ ಟೇಪಿಗೇನು ಬರ!

ಮೂಲ ಪಠ್ಯ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೆ. ಕಾಯ್ದೆಗಳಿಗೆ ಸರ್ಕಾರದ ಇಂಡಿಯಾ ಕೋಡ್ ತಾಣ ಇದೆ. ಖಾಸಗಿಯವರ ಸಾರಾಂಶಗಳ ಬದಲು ಅದನ್ನೇ ನೋಡು. ಅಧಿಸೂಚನೆಗಳಿಗೆ ರಾಜ್ಯಪತ್ರ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅದರ ಕಚೇರಿ. ಕಾರ್ಮಿಕ ಇಲಾಖೆ ಬೇರೆ, ಇದು ಬೇರೆ, ಗೊಂದಲ ಮಾಡಿಕೊಂಡರೆ ಮೆಟ್ಟಿಲು ಹತ್ತಿ ಇಳಿದೇ ದಿನ ಹೋಗುತ್ತದೆ. ಮಾರ್ಗದರ್ಶನ ಬೇಕಾದಾಗ, ಅಂದರೆ ಕಡ್ಡಾಯ ಅಲ್ಲದಿದ್ದರೂ ತಿಳಿದವರು ಹೇಗೆ ಮಾಡುತ್ತಾರೆ ಅಂತ ನೋಡಬೇಕಾದಾಗ, ಮುಂಬಯಿಯ ಸಯಾನ್‌ನಲ್ಲಿರುವ ಕೇಂದ್ರದ ಕಾರ್ಖಾನೆ ಸಲಹಾ ಮಹಾನಿರ್ದೇಶನಾಲಯದ ಪ್ರಕಟಣೆಗಳನ್ನು ನೋಡು. ಅವರ ಪ್ರಾದೇಶಿಕ ಸಂಸ್ಥೆಯೊಂದು ಚೆನ್ನೈಯಲ್ಲಿದೆ. ಮಾರ್ಚ್ 4ಕ್ಕೆ ನಿಮ್ಮಲ್ಲಿ ಬ್ಯಾಡ್ಜ್ ಹಾಕಿ ಪ್ರತಿಜ್ಞೆ ಮಾಡಿಸುತ್ತಾರಲ್ಲ, ಆ ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಆ ದಿನವೇ ಹುಟ್ಟಿದ್ದು. ಅದರ ಕರ್ನಾಟಕ ಶಾಖೆ ತರಬೇತಿ ಕೊಡುತ್ತದೆ. ಪ್ರತಿಜ್ಞೆಗಿಂತ ತರಬೇತಿ ಕೇಳಿ ಪಡಕೊಳ್ಳಿ, ಅದೂ ಡ್ಯೂಟಿ ಸಮಯದಲ್ಲಿ. ದೇವನಹಳ್ಳಿ ಕಡೆ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಕೇಂದ್ರವಿದೆ, ಕೆಲಸದಿಂದ ಬರುವ ಕಾಯಿಲೆ ವಿಷಯದಲ್ಲಿ ತಿಳಿದವರು ಅಲ್ಲಿದ್ದಾರೆ. ದೊಡ್ಡಬಳ್ಳಾಪುರಕ್ಕೆ ಅದೇನು ದೂರವೂ ಅಲ್ಲ.

ಅದಕ್ಕೂ ಮೊದಲು ನಿಮ್ಮ ಗೇಟಿನ ಹತ್ತಿರದ ಗೋಡೆ ನೋಡು. ಕಾಯ್ದೆಯ ಸಾರವನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಮುಖ್ಯ ಬಾಗಿಲ ಬಳಿ ಹಾಕಬೇಕು ಅಂತ ಹಳೆಯ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ ಆ ಫಲಕದ ಮುಂದೆ ಬೀರು ಇಟ್ಟಿದ್ದರು. ಬೀರು ಸರಿಸಿ ಅಂತ ನಾವು ಮೂರು ಸಭೆಗಳಲ್ಲಿ ಬರೆಸಬೇಕಾಯಿತು.

ಕಂಪನಿ ಕೊಡದೇ ಇದ್ದ ಕಾಗದ ಇಲಾಖೆಯಲ್ಲಿರುತ್ತದೆ: ಮಂಜೂರಾದ ನಕ್ಷೆ, ಹಿಂದಿನ ತಪಾಸಣಾ ವರದಿ, ಕೊಟ್ಟ ನೋಟಿಸು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಸಾಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನೀನು ಮಾತಿಗೆ ಕೂತರೆ ನಿಲ್ಲಿಸುವವಳಲ್ಲ, ಅದಕ್ಕೇ ಮೊದಲೇ ಎಚ್ಚರಿಸುತ್ತಿದ್ದೇನೆ. "ಎಲ್ಲಾ ದಾಖಲೆ ಕೊಡಿ" ಅಂತ ಬರೆಯಬೇಡ. ಯಾವ ಕಾರ್ಖಾನೆ, ಯಾವ ವರ್ಷ, ಯಾವ ವರದಿ, ಅಷ್ಟೇ.

ನಿಮ್ಮಮ್ಮನ ದಿಗಿಲಿಗೆ ಬರುತ್ತೇನೆ. ದೂರು ಕೊಟ್ಟವಳನ್ನು ಗುರುತು ಹಿಡಿದು ಬೇರೆ ಯೂನಿಟ್ಟಿಗೆ ಎತ್ತಿಹಾಕುವುದು, ಟಾರ್ಗೆಟ್ ಏರಿಸುವುದು, ಎಲ್ಲರ ಮುಂದೆ ಬೈಯುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾನೂನು ಇದನ್ನು ಸ್ವಲ್ಪ ಯೋಚಿಸಿದೆ. ಹಳೆಯ ಕಾಯ್ದೆಯ 118ಎ ಪ್ರಕಾರ ದೂರು ಎಲ್ಲಿಂದ ಬಂತು ಅನ್ನುವುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕಿತ್ತು. ತಾನು ಬಂದದ್ದು ದೂರಿನ ಮೇಲೆ ಅನ್ನುವುದನ್ನು ಕೂಡ ಮಾಲೀಕರಿಗೆ ಹೇಳುವಂತಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆಯಲ್ಲೂ ಈ ಗುಟ್ಟಿನ ಮಾತಿದೆ, ಭಾರತ ಅದಕ್ಕೆ 1949ರಲ್ಲೇ ಒಪ್ಪಿಗೆ ಕೊಟ್ಟಿದೆ. ಅರ್ಜಿಯಲ್ಲಿ ಅದನ್ನೊಂದು ಸಾಲು ನೆನಪಿಸು. ಯೂನಿಯನ್ ಕೆಲಸ ಮಾಡಿದಳು ಅನ್ನುವ ಕಾರಣಕ್ಕೆ ಶಿಕ್ಷಿಸುವುದು ಹಳೆಯ ಕಾನೂನಿನಲ್ಲೂ ಹೊಸದರಲ್ಲೂ ಅನ್ಯಾಯದ ಕಾರ್ಮಿಕ ಪದ್ಧತಿ. ಇಷ್ಟೆಲ್ಲ ಇದ್ದರೂ ನನ್ನ ಅನುಭವದಲ್ಲಿ ನಿನ್ನನ್ನು ಕಾಯುವುದು ಸೆಕ್ಷನ್ನಿಗಿಂತ ಸಹಿ. ಒಬ್ಬಳೇ ಬರೆಯಬೇಡ. ಮೂವತ್ತು ಜನರ ಸಹಿ ಇರುವ ಕಾಗದದಲ್ಲಿ ಮೊದಲು ಬರೆದವರು ಯಾರು ಅಂತ ಹುಡುಕುವುದು ಕಷ್ಟ.

ಸೂಜಿ ಬೆರಳಿಗೆ ಹೊಕ್ಕ ವಿಷಯ ನೀನು ತಮಾಷೆಯಾಗಿ ಬರೆದಿದ್ದೆ, ಕ್ಲಿನಿಕ್ಕಿನ ನರ್ಸು ಬ್ಯಾಂಡೇಜ್ ಸುತ್ತಿ ಕಾಲು ಗಂಟೆಯಲ್ಲಿ ಲೈನಿಗೆ ಕಳಿಸಿದರು ಅಂತ. ನನಗೆ ತಮಾಷೆ ಅನ್ನಿಸಲಿಲ್ಲ. ಟಾರ್ಗೆಟ್ಟಿಗೆ ಅಡ್ಡ ಅಂತ ನೀಡಲ್ ಗಾರ್ಡ್ ತೆಗೆದಿಟ್ಟದ್ದು ಯಾರು? ಅದನ್ನು ಆಮೇಲೆ ಕೇಳೋಣ. ಮೊದಲು ಆ ಗಾಯ ಅಪಘಾತ ಪುಸ್ತಕದಲ್ಲಿ ಬರೆದಿದೆಯೇ ನೋಡು. 48 ಗಂಟೆ ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಇಲಾಖೆಗೆ ವರದಿ ಹೋಗಬೇಕು ಅಂತ ಹಳೆಯ ಕಾಯ್ದೆಯಲ್ಲಿತ್ತು. ವರದಿ ತಪ್ಪಿಸಲಿಕ್ಕೆ ಅಂತಲೇ ಗಾಯವಾದವರನ್ನು ಎರಡನೇ ದಿನ ಆಟೋದಲ್ಲಿ ಕರೆತಂದು ಕೂರಿಸಿದ್ದನ್ನು ನಾನೇ ನೋಡಿದ್ದೇನೆ. ಇಎಸ್‌ಐ ಲೆಕ್ಕವೂ ಇದರ ಮೇಲೆ ನಿಂತಿದೆ. ಕೆಲಸದಲ್ಲಾದ ಗಾಯ ಅಂತ ದಾಖಲಾದರೆ ಕೂಲಿಯ ಶೇಕಡಾ 90ರಷ್ಟು ಬರುತ್ತದೆ, ಬರೀ ಕಾಯಿಲೆ ರಜೆ ಅಂದರೆ ಶೇಕಡಾ 70, ಅದೂ ವರ್ಷಕ್ಕೆ 91 ದಿನದ ಮಿತಿಯಲ್ಲಿ. ಮುಂದೆ ಬೆರಳು ಮಡಚಲು ಬಾರದೆ ಹೋದರೆ ಇವತ್ತಿನ ಆ ಒಂದು ಸಾಲೇ ಆಧಾರ. ಕಾಯಿಲೆಗಳದ್ದೂ ಹಾಗೇ. ಕಲ್ನಾರು ಕಾರ್ಮಿಕರ ವಿಷಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಆರೋಗ್ಯವೂ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಹೇಳಿ, ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಆರೋಗ್ಯ ದಾಖಲೆ ಇಡಬೇಕು ಅಂತ ಆದೇಶಿಸಿತು. ಧೂಳು, ಹೊಗೆಗಳ ಕಾಯಿಲೆ ರಿಟೈರಾದ ಮೇಲೆ ಬಂದು ಬಾಗಿಲು ತಟ್ಟುತ್ತದೆ. ಆಗ ನಿನ್ನ ಹತ್ತಿರ ತೋರಿಸಲು ಏನಾದರೂ ಇರಬೇಕು.

ಆ ಬ್ರಿಟನ್ನಿನ ಪಿಡಿಎಫ್ ಅಳಿಸಬೇಡ, ಅದಕ್ಕೂ ಕೆಲಸವಿದೆ. ಕಾನೂನಿನಲ್ಲಿ ಇಲ್ಲದ್ದನ್ನು ಒಪ್ಪಂದದಲ್ಲಿ ಬರೆಸಬಹುದು. ಮುಂದಿನ ಸಲ ಯೂನಿಯನ್ ಬೇಡಿಕೆ ಪಟ್ಟಿ ಕೊಡುವಾಗ, ಮೂರು ತಿಂಗಳಿಗೊಮ್ಮೆ ಕಾರ್ಮಿಕ ಪ್ರತಿನಿಧಿಗಳು ಫ್ಲೋರ್ ಸುತ್ತಿ ನೋಡುವುದು, ಆ ಹೊತ್ತಿನ ಸಂಬಳ ಹಿಡಿಯದಿರುವುದು ಅಂತ ಒಂದು ಅಂಶ ಸೇರಿಸಿ. ಸಂಬಳದ ಮಾತು ಬಂದಾಗ ಇಂಥವನ್ನು ಮೊದಲು ಬಿಟ್ಟುಕೊಡುತ್ತಾರೆ ನಮ್ಮ ಗಂಡಸು ಲೀಡರುಗಳು, ಹುಷಾರು. ಎರಡೂ ಕಡೆ ಸಹಿ ಬಿದ್ದ ಒಪ್ಪಂದ ನಿಮ್ಮ ಕಾರ್ಖಾನೆಯ ಮಟ್ಟಿಗೆ ಕಾನೂನಿನಷ್ಟೇ ಗಟ್ಟಿ.

ಮೊದಲ ಸಭೆಗೆ ಎಲ್ಲವನ್ನೂ ಹೊತ್ತುಕೊಂಡು ಹೋಗಬೇಡ. ಸ್ಪಾಟಿಂಗ್ ರೂಮಿನ ಡೇಟಾ ಶೀಟ್, ಬಾಗಿಲ ಮುಂದಿನ ಕಾರ್ಟನ್, ಈ ಎರಡು ಸಾಕು. ಎರಡಕ್ಕೂ ಫೋಟೋ, ತಾರೀಖು, ಸಂಬಂಧಪಟ್ಟ ಪುಟದ ಪ್ರತಿ. "ನೋಡೋಣ", "ಮೇಲಿನವರಿಗೆ ತಿಳಿಸುತ್ತೇವೆ" ಅಂದರೆ ತಲೆಯಾಡಿಸಬೇಡ. ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ ಅಂತ ಕೇಳಿ ಮಿನಿಟ್ಸಿನಲ್ಲಿ ಬರೆಸು. ಬರೆದದ್ದನ್ನು ಓದದೆ ಸಹಿ ಮಾಡಬೇಡ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಅನ್ನು. ಕೊಡದಿದ್ದರೆ ನಿನ್ನ ಮಾತನ್ನು ನೀನೇ ಕನ್ನಡದಲ್ಲಿ ಕೆಳಗೆ ಬರೆದು, ಆಮೇಲೆ ಸಹಿ ಹಾಕು. ಹಿಂದಿನ ಸಭೆಯಲ್ಲಿ ಒಪ್ಪಿದ್ದು ಏನಾಯಿತು ಅನ್ನುವುದೇ ಮುಂದಿನ ಸಭೆಯ ಮೊದಲ ವಿಷಯ ಆಗಬೇಕು. ಈ ಒಂದು ಅಭ್ಯಾಸಕ್ಕೆ ಮ್ಯಾನೇಜರುಗಳು ಎಷ್ಟು ಹೆದರುತ್ತಾರೆ ಅಂತ ನೀನೇ ನೋಡುತ್ತೀಯ.

ನನ್ನ ಹಳೆಯ ನಿಯಮಗಳ ಪುಸ್ತಕ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದೆಲ್ಲ ನನ್ನದೇ, ಕೆಲವು ಕಡೆ ಮ್ಯಾನೇಜರುಗಳ ಮೇಲೆ ಬೈಗುಳವೂ ಇದೆ, ಎಚ್‌ಆರ್ ಮುಂದೆ ತೆರೆಯುವಾಗ ನೋಡಿಕೊಂಡು ತೆರೆ. ಆ ಸಾಲ್ವೆಂಟ್ ಡಬ್ಬದ ಲೇಬಲ್ ಫೋಟೋ ಈ ವಾರವೇ ಕಳಿಸು, ಸಭೆಯ ಮಿನಿಟ್ಸ್ ಬಂದ ಮೇಲೆ ಅದರ ಒಂದು ಪ್ರತಿಯನ್ನೂ. ನಿಮ್ಮಮ್ಮನಿಗೆ ಹೇಳು, ಮಂಡಿನೋವಿಗೆ ನಾನು ಕೊಟ್ಟ ಎಣ್ಣೆ ಹಚ್ಚಿಕೊಳ್ಳಲಿ, ಬಾಟಲಿ ಹಾಗೇ ಇಟ್ಟಿದ್ದಾಳೆ ಅಂತ ಗೊತ್ತಾಗಿದೆ.

ಇಂತಿ ನಿನ್ನ ಪ್ರೀತಿಯ,
ಚಿಕ್ಕಮ್ಮ